ಇಸೊಳ ಹುಟ್ಟು

ನಾನು ನೀರು ಬರೆಯುವವಳು.
ಒಗಿಕುಬೊದಲ್ಲಿ, ಕರಿದ ತೋಫುವಿನ ಅಂಗಡಿಯ ಮೇಲೆ,
ಹದಿನೇಳು ವರ್ಷದಿಂದ ಮೂರು ಮೇಜು, ಒಂದು ಕಿಟಕಿ.
ಮುಖ, ಕೈ, ಕಣ್ಣು ನಿರಾಸಾವಾ ಸೆನ್ಸೆಯವು.
ಹೊಳೆ ನನ್ನದು, ಮಂಜು ನನ್ನದು,
ದೋಣಿ ಹಲಗೆಯ ಗೀರುಗಳು ನನ್ನವು.
ಇಸೊ ಮಾತ್ರ ಅವರವಳು:
ಕಡವಿನ ಹುಡುಗಿ, ಒಂದು ಕಿವಿ ಕೇಳದು,
ಇಪ್ಪತ್ತಾರು ಸಂಪುಟ ಹುಟ್ಟು ಹಾಕಿಯೂ
ಹದಿನಾಲ್ಕು ದಾಟದವಳು.

ಈ ಚಳಿಗಾಲ ಅವಳನ್ನು ಕೇಳಿಕೊಂಡು ಮೂವರು ಬಂದರು,
ಹೆಣ್ಣು ನೋಡಲು ಬಂದವರ ಹಾಗೆ,
ಕೆಂಪು ಕಾಳಿನ ಸಿಹಿಯ ಡಬ್ಬಿ ಹಿಡಿದು.

ಸಿನಿಮಾದ ತೆರಾಶಿಮಾ ಪುಟ ತೆರೆದ.
"ಈ ಚೌಕದಲ್ಲಿ ಅವಳು ಈ ದಡ,
ಮುಂದಿನದರಲ್ಲಿ ಆ ದಡ. ನಡುವೆ?"
ನಡುವೆ ಅರ್ಧ ಬೆರಳು ಬಿಳಿ.
"ಅಲ್ಲಿ ಓದುವವರು ದಾಟಿಸುತ್ತಾರೆ," ಎಂದರು ಸೆನ್ಸೆ.
"ನನಗೆ ಅಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಬೇಕು."
ಚಹಾ ಆರಿತು. ಯಾರೂ ತಪ್ಪು ಮಾತಾಡಿರಲಿಲ್ಲ.

ಆಟದ ಕಂಪನಿಯ ಉಮೆತ್ಸು ಇನ್ನೂ ಹುಡುಗ.
ಫೋನಿನಲ್ಲಿ ತೋರಿಸಿದ: ಇಸೊ ಮುಳುಗುತ್ತಾಳೆ,
ಏಳುತ್ತಾಳೆ, ಮುಳುಗುತ್ತಾಳೆ,
ಕೈಯಲ್ಲಿ ಹುಟ್ಟು, ಮುಂದೆ ಸಾವು, ಮತ್ತೆ ಹುಟ್ಟು.
ಹನ್ನೊಂದನೇ ಸಂಪುಟದಲ್ಲಿ ಅವಳನ್ನು ಒಂದೇ ಸಲ ನೀರಿಗೆ ಹಾಕಿ
ಮೂರು ವಾರ ಸೆನ್ಸೆ ಸರಿಯಾಗಿ ಉಂಡಿರಲಿಲ್ಲ.
ನಾನೇ ಅಕ್ಕಿ ತೊಳೆದು ಗಂಜಿ ಕಾಯಿಸಿದ್ದೆ.
ಈಗ ಅವರ ಹೆಬ್ಬೆರಳು ಮೇಜಿನ ಅಂಚು ಒತ್ತುತ್ತಿತ್ತು.
ಹುಡುಗ ತಲೆ ತಗ್ಗಿಸಿ ಅಂದ:
"ಆಸ್ಪತ್ರೆಯಲ್ಲಿ ಓದಿದ್ದು, ನನಗಾಗ ಒಂಬತ್ತು.
ಎಳೆಯಬೇಕು ಅನ್ನಿಸಿತ್ತು ಅವಳನ್ನು.
ನನ್ನ ಕೈಗೆ ಆಗ ಗುಂಡಿ ಇರಲಿಲ್ಲ."

ಸಂಗೀತದ ಹೊಕಾರಿ ಕೊನೆಗೆ ಬಾಯಿ ಬಿಟ್ಟಳು.
ನಮ್ಮ ಪುಟಗಳಲ್ಲಿ ಮೌನಕ್ಕೂ ಒಂದು ಸದ್ದುಂಟು,
ಶೀ... ನ್ ಎಂದು ಬರೆಯುತ್ತೇವೆ,
ಅಕ್ಷರ ತೆಳ್ಳಗೆ, ಮಂಜಿನೊಳಗೆ ಅರ್ಧ ಅದ್ದಿ.
ಅದರ ಮೇಲೆ ಬೆರಳಿಟ್ಟು ಕೇಳಿದಳು,
"ಇದು ಯಾವ ವಾದ್ಯ?"
ಉತ್ತರ ಯಾರಲ್ಲೂ ಇರಲಿಲ್ಲ.
ಅಷ್ಟರಲ್ಲಿ ಕೆಳಗೆ ಅಂಗಡಿಯವನು ಹೊಗೆ ಎಳೆಯುವ ಫ್ಯಾನು ಆರಿಸಿದ.
ಇಷ್ಟು ಹೊತ್ತೂ ಇತ್ತೆಂದು
ನಿಂತ ಮೇಲೆ ತಿಳಿಯಿತು.
ಹೊಕಾರಿ ಗೀಚಿಕೊಂಡಳು, ಏನೆಂದು ಕಾಣಲಿಲ್ಲ.

ಕೆಂಪು ಮೊಹರು ಮೂರು ಕಡೆ ಬಿತ್ತು.
ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.
ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ತೆರಾಶಿಮಾ ತಿರುಗಿದ:
"ಅಂದ ಹಾಗೆ, ಆ ಹೊಳೆ ಯಾವ ಕಡೆಗೆ ಹರಿಯುತ್ತದೆ?"

ಸೆನ್ಸೆ ನನ್ನತ್ತ ನೋಡಿದರು.
ಹದಿನೇಳು ವರ್ಷದಲ್ಲಿ ಮೊದಲ ಸಲ ಎಲ್ಲರೂ ನನ್ನತ್ತ ನೋಡಿದರು.
"ಎಡಕ್ಕೆ," ಎಂದುಬಿಟ್ಟೆ. "ಪುಟ ಮಗುಚುವ ಕಡೆಗೆ."

ರಾತ್ರಿ ಒಬ್ಬಳೇ ಸಂಪುಟಗಳನ್ನು ಕೆಳಗಿಳಿಸಿ ನೋಡಿದೆ.
ನಾಲ್ಕನೆಯದರಲ್ಲಿ ಎಡಕ್ಕೆ, ಒಂಬತ್ತರಲ್ಲಿ ಬಲಕ್ಕೆ.
ಇಪ್ಪತ್ತರಲ್ಲಿ, ನನ್ನ ಅಮ್ಮ ತೀರಿಕೊಂಡ ತಿಂಗಳು,
ಅದು ಎಲ್ಲಿಗೂ ಹೋಗುತ್ತಿಲ್ಲ.
ಒಬ್ಬ ಓದುಗನೂ ಕಾಗದ ಬರೆದು ಕೇಳಿರಲಿಲ್ಲ.

ಗುರುವಾರಕ್ಕೆ ಇನ್ನೂ ಹನ್ನೊಂದು ಪುಟ ಬಾಕಿ.
ದೀಪದಡಿ ಹೊಸ ಹಾಳೆ:
ಇಸೊ ದೋಣಿಯಲ್ಲಿ ಕೂತಿದ್ದಾಳೆ, ಹುಟ್ಟು ಎತ್ತಿ,
ಕೆಳಗೆ ನೀರಿಲ್ಲ.