ಕೊಡೆ, ಕೀಲಿ, ಬೆಕ್ಕು

ನೋಟೀಸಿನಲ್ಲಿ ಎಲ್ಲ ಸರಿಯಾಗಿತ್ತು: ಸುಗಂಧಿ ಕರ್ಕೇರ,
ಭಾಂಡುಪ್ ಪಶ್ಚಿಮ, ಚಾಳಿನ ಎರಡನೆಯ ಮಾಳಿಗೆ,
ಪ್ಯಾನ್ ನಂಬರಿನ ಹತ್ತೂ ಅಕ್ಷರ.
ಕಸುಬು ಎಂಬಲ್ಲಿ ಮಾತ್ರ
ಒಂದೇ ಒಂದು ಗೆರೆಯ ಜಾಗ.

ಅದರೊಳಗೆ ಹೇಗೆ ತುರುಕುವುದು
ನಸುಕಿಗೆ ನೀರುದೋಸೆ ಹಿಟ್ಟು, ಹತ್ತಕ್ಕೆ ಊಟದ ಡಬ್ಬ,
ಮಧ್ಯಾಹ್ನ ಸೀರೆಗಳಿಗೆ ಫಾಲ್,
ಮದುವೆ ತಿಂಗಳಲ್ಲಿ ರಾತ್ರಿಯಿಡೀ ಮಲ್ಲಿಗೆಯ ಜಡೆ?

"ಗ್ಯಾಸ್ ಸಿಲಿಂಡರು ಯಾವ ವ್ಯಾಪಾರದ ಖರ್ಚು?"
ಸಾಹೇಬರು ಕೇಳಿದರು.
"ನಮ್ಮವರ ಚಹಾ ಬಿಟ್ಟು ಮಿಕ್ಕದ್ದು ಬರೆದುಕೊಳ್ಳಿ," ಅಂದಳು ಅಕ್ಕ,
"ಅವರು ದಿನಕ್ಕೆ ಎರಡು ಸಲ ಕುಡಿಯುತ್ತಾರೆ."
ಸಾಹೇಬರು ಬರೆದುಕೊಳ್ಳಲಿಲ್ಲ.

ನಾನು ಪೆಂಡ್ಸೆಯವರ ಆಫೀಸಿನಲ್ಲಿ ಲೆಕ್ಕ ಕೂಡಿಸುವವಳು.
ಅವಳ ಲೆಕ್ಕದ ಪುಸ್ತಕವೆಂದರೆ
ಹಾಲಿನ ಕ್ಯಾಲೆಂಡರು, ಲಗ್ನಪತ್ರಿಕೆಗಳ ಬೆನ್ನು,
ಅಕ್ಕಿ ಡಬ್ಬದ ಮುಚ್ಚಳದೊಳಗೆ ಸೀಸದ ಕಡ್ಡಿಯಲ್ಲಿ ಗೀಚಿದ ಬಾಕಿ.
ನಾಲ್ಕು ಭಾನುವಾರ ಕೂತೆ. ಎಲ್ಲ ತಾಳೆಯಾಯಿತು,
ಒಂದು ಲಕ್ಷದ ಹದಿನೆಂಟು ಸಾವಿರ ಬಿಟ್ಟು.

ಕೊನೆಗೆ ಹೊಲಿಗೆ ಯಂತ್ರದ ಹೊಟ್ಟೆಯಿಂದ
ತೆಗೆದಳು ಒಂದು ನೋಟ್‌ಬುಕ್ಕು.
ಹೆಸರುಗಳಿಲ್ಲ. ಪುಟಕ್ಕೊಂದು ಚಿತ್ರ:
ಕೊಡೆ. ಕೀಲಿ. ಬೆಕ್ಕು. ಒಂದು ಹಾಗಲಕಾಯಿ.
ಹೀಗೆ ಒಂಬತ್ತು.
ಕೆಳಗೆ ಐನೂರು, ಇನ್ನೂರು, ಮತ್ತೆ ಇನ್ನೂರು.

"ಇದು ನನ್ನದಲ್ಲ ಮಾರಾಯ್ತಿ. ಗಂಡಂದಿರಿಗೆ ಗೊತ್ತಿಲ್ಲದ ದುಡ್ಡು.
ನನ್ನ ಖಾತೆಯಲ್ಲಿ ಮಲಗಿದೆ, ಅಷ್ಟೆ."

ಒಂಬತ್ತು ಮಂದಿಯ ಪತ್ರ ಬೇಕು, ಅಂದೆ,
ಸಹಿ, ಆಧಾರ್ ಪ್ರತಿ, ಹಣ ನಮ್ಮದೆಂಬ ಒಂದು ಸಾಲು.
ತಂದರೆ ತೆರಿಗೆ ಬೀಳುವುದಿಲ್ಲ.

ಅಕ್ಕ ಹಾಗಲಕಾಯಿಯ ಪುಟ ನೋಡುತ್ತ ಕೂತಳು.
ಕೆಳಗೆ ನಲ್ಲಿಯಲ್ಲಿ ನೀರು ಬಂತು, ಕೊಡಗಳ ಸದ್ದು,
ಯಾರೋ ಅವಳ ಹೆಸರು ಹಿಡಿದು ಕೂಗಿದರು,
ಕೀಲಿಯೋ, ಬೆಕ್ಕೋ.

"ನನ್ನದೇ ಅಂತ ಬರಿ. ಫಾಲ್ ಹೊಲಿದ ದುಡ್ಡು."
"ಇಷ್ಟು ಹೊಲಿಯಲು ಇಡೀ ಭಾಂಡುಪಿನ ಸೀರೆ ಬೇಕಕ್ಕ."
"ಇರಲಿ. ಹೊಲಿದಿದ್ದೇನೆ."

ತೆರಿಗೆ, ಬಡ್ಡಿ, ದಂಡ. ಚಲನು ಕಟ್ಟಿ ಬಂದೆವು.
ಒಂಬತ್ತು ಪುಟಗಳಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ;
ಮಲ್ಲಿಗೆಯ ಹುಡುಗನಿಗೆ ಮಾತ್ರ
ಈ ತಿಂಗಳು ಆಗುವುದಿಲ್ಲ ಎಂದಳು.

ನನ್ನ ಫೀಸು ಎಣಿಸಿ ಕೊಟ್ಟಳು, ಹಿಟ್ಟು ಮೆತ್ತಿದ ನೋಟುಗಳು.
ಅದರಲ್ಲಿ ಇನ್ನೂರು ತೆಗೆದು ಅವಳ ಕಡೆಗೇ ಸರಿಸಿದೆ.
ನಮ್ಮ ಮನೆಯಲ್ಲೂ
ಲೆಕ್ಕ ಕೇಳುವವರಿದ್ದಾರೆ.

ಏನೂ ಕೇಳದೆ ಹೊಸ ಪುಟ ತೆರೆದಳು,
ನನ್ನ ಮುಖ ಸ್ವಲ್ಪ ಹೊತ್ತು ನೋಡಿ
ಒಂದು ಕನ್ನಡಕ ಬಿಡಿಸಿದಳು.
ಎಡಗಡೆಯ ಗಾಜು ತುಸು ದೊಡ್ಡದಾಯಿತು.