ಆರನ್ನು ಎಂಟು ಮಾಡಿದ ವರ್ಷ

6ಕ್ಕೊಂದು ಬಾಯಿ ಇದೆ, ಬಲಗಡೆ, ತುಸು ಮೇಲೆ.
ಅದನ್ನು ಹೊಲಿದುಬಿಟ್ಟರೆ 8.
ಜಿಮ್ಮಿನ ಹಿಂದಿನ ಲಾಂಡ್ರಿ ಕೋಣೆಯಲ್ಲಿ ಕೂತು
ಆ ಆಗಸ್ಟ್ ಪೂರ್ತಿ ನಾನು ಮಾಡಿದ್ದು ಇಷ್ಟೇ:
64 ಹೋಗಿ 84, 67 ಹೋಗಿ 87,
ಹೆಬ್ಬೆರಳಗಲದ ಬಿಳಿ ಬಟ್ಟೆ, ಎರಡು ಸಾಲು ದಾರ.

ಐವತ್ತರಿಂದ ಎಪ್ಪತ್ತೊಂಬತ್ತರವರೆಗಿನವರು
ಎಸೆದ ಚೆಂಡು ಹಿಡಿಯುವಂತಿಲ್ಲ. ನಿಯಮ.
ಎದೆ ಕೊಡಬೇಕು, ತಳ್ಳಬೇಕು, ಬೀಳಬೇಕು,
ಎದ್ದು ಹುಲ್ಲು ಕೊಡವಿಕೊಳ್ಳುವಷ್ಟರಲ್ಲಿ
ಚೆಂಡು ಇನ್ನಾರದೋ ಕಂಕುಳಲ್ಲಿ ಎಲ್ಲೋ ಹೋಗಿರುತ್ತದೆ,
ಊರೆಲ್ಲ ಅತ್ತ ತಿರುಗಿರುತ್ತದೆ.

ಆರೆಗನ್ನಿನ ಈ ಮೂಲೆಯಲ್ಲಿ ನಮಗಿದ್ದದ್ದು ಹತ್ತೊಂಬತ್ತು ಹುಡುಗರು,
ಈರುಳ್ಳಿ ಶೆಡ್ಡಿನವರ ಮಕ್ಕಳು, ಕುರಿ ಮೇಯಿಸುವ ಬಾಸ್ಕ್ ಮನೆಗಳ ಮಕ್ಕಳು,
ಒಬ್ಬನಿಗೆ ಆಸ್ತಮಾ.
ನದಿಯಾಚೆಯ ಶಾಲೆಗೆ ಎಂಬತ್ತು. ಅವರಿಗೆ ಬಸ್ಸೇ ಎರಡು.
ಹಿಂದಿನ ವರ್ಷ ಅವರು ಹೊಡೆದ ಅಂಕ
ಹೇಳುವುದಿಲ್ಲ, ಬಿಡಿ.

ಕೋಚ್ ಟಲ್‌ಹರ್ಸ್ಟ್ ಕೆಮಿಸ್ಟ್ರಿ ಮೇಷ್ಟ್ರು.
ಬೇಸಿಗೆಯಿಡೀ ನಿಯಮದ ಪುಸ್ತಕ ಓದಿದ,
ಬೇರೆಯವರು ಪತ್ತೇದಾರಿ ಕಾದಂಬರಿ ಓದುವ ಹಾಗೆ.
ಒಬ್ಬ ಏಳು ಗಜ ಹಿಂದೆ ಸರಿದು
ಒದೆಯುವವನಂತೆ ನಿಂತರೆ
ಸಂಖ್ಯೆಯ ಕಟ್ಟು ಸಡಿಲ, ಎಂದಿತ್ತು ಒಂದು ಸಾಲು.
ಒದೆಯಲೇಬೇಕೆಂದು ಎಲ್ಲೂ ಇರಲಿಲ್ಲ.
"ನಿಂತರೆ ಸಾಕಲ್ಲವಾ, ಡೊರೀನ್?"
ಚಾಪೆಯಡಿಯಲ್ಲ, ಸುಣ್ಣದ ಗೆರೆಯಡಿಯೇ ತೂರಿಬಿಟ್ಟ ಮಹರಾಯ.

ಮೊದಲ ಶುಕ್ರವಾರ.
ನಮ್ಮವರು ಮೈದಾನದಗಲ ಚೆಲ್ಲಿಕೊಂಡರು
ಚೀಲ ಹರಿದ ಬಟಾಣಿಯಂತೆ.
ಆಚೆಯ ಕೋಚ್ ಟೋಪಿ ಕಿತ್ತು ನೆಲಕ್ಕೆ ಬಡಿದ.
ರೆಫರಿ ಸ್ಟ್ರೋಡ್ ಆಟ ನಿಲ್ಲಿಸಿ
ಆಂಬ್ಯುಲೆನ್ಸಿನ ಬಾನೆಟ್ಟಿನ ಮೇಲೆ ಪುಸ್ತಕ ಹರವಿ
ಟಾರ್ಚು ಬಿಟ್ಟು ಓದಿದ, ಬೆರಳಿಟ್ಟು, ಎರಡು ಸಲ.
ಆಮೇಲೆ ಭುಜ ಕುಣಿಸಿ ಸೀಟಿ ಊದಿದ.

ಚೆಂಡು ಬಂದದ್ದು ಇಕೆರ್ ಲೆಕುಂಬೆರಿಗೆ.
ಮೂರು ವರ್ಷ 64 ಆಗಿದ್ದವನು, ನೂರು ಕಿಲೋ,
ಚೆಂಡಿನ ಚರ್ಮ ಒರಟೋ ನುಣುಪೋ ಅರಿಯದವನು.
ಹಿಮದಲ್ಲಿ ಸಿಕ್ಕ ಮರಿಯನ್ನು ಎತ್ತಿಕೊಳ್ಳುವಂತೆ
ಎರಡೂ ತೋಳಲ್ಲಿ ಅವುಚಿಕೊಂಡು ಓಡಿದ.
ಓಡಿದ ಅನ್ನುವುದು ಮರ್ಯಾದೆಯ ಮಾತು.
ಹನ್ನೊಂದು ಗಜ.
ಬಿದ್ದ ಮೇಲೂ ಬಿಡಲಿಲ್ಲ, ಸ್ಟ್ರೋಡ್ ಬಂದು ಕೇಳಬೇಕಾಯಿತು.

ಮೋಸ ಎಂದರು ಹಾರ್ಡ್‌ವೇರ್ ಅಂಗಡಿಯಲ್ಲಿ. ಜಾಣತನ ಎಂದರು ಕಾಫಿಗೆ ಕೂತವರು.
ನನ್ನ ಭಾವ ವೆಂಡೆಲ್, ಅದೇ ಮೈದಾನದಲ್ಲಿ ಮೊಣಕಾಲು ಕಳೆದುಕೊಂಡವನು,
"ಇದು ಫುಟ್‌ಬಾಲ್ ಅಲ್ಲ, ಕಣ್ಣಾಮುಚ್ಚಾಲೆ" ಎಂದು
ಥ್ಯಾಂಕ್ಸ್‌ಗಿವಿಂಗ್ ಊಟ ಬಿಟ್ಟೆದ್ದ.
ಆರು ಪಂದ್ಯ ಗೆದ್ದೆವು.
ಮೂರನೆಯದರಲ್ಲಿ, ಎದುರಿನ ಹುಡುಗನೊಬ್ಬ
ಯಾರ ಹಿಂದೆ ಹೋಗಲಿ ಎಂದು ಎಡಕ್ಕೆ ಬಲಕ್ಕೆ ನೋಡುತ್ತಾ
ನಿಂತಲ್ಲೇ ಅಳುವಂತಾಗಿದ್ದ.
ಅದನ್ನು ಕಂಡೆನೆಂದು ನಾನು ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ, ಯಾವುದೋ ಹೋಟೆಲಿನ ಉದ್ದ ಮೇಜಿನ ಸುತ್ತ,
ಕಂಡರಿಯದ ಜನ ಒಂದು ವಾಕ್ಯ ಸೇರಿಸಿದರು.
ಟಲ್‌ಹರ್ಸ್ಟ್ ತೋರಿಸಿದ. ಓದಿದೆ.
ಒಳ್ಳೆಯ ಹೊಲಿಗೆ. ಸೂಜಿ ತೂರದು.

ಎಂಟನ್ನು ಆರು ಮಾಡುವುದು ಕಷ್ಟದ ಕೆಲಸ.
ದಾರ ಬಿಚ್ಚಿದರೂ ತೂತು ಉಳಿಯುತ್ತವೆ,
ಒಂದು ಋತುವಿನ ಬಿಸಿಲಿಗೆ ಅಂಗಿಯೆಲ್ಲ ಮಾಸಿ
ತೇಪೆ ಇದ್ದ ಕಡೆ ಮಾತ್ರ
ನೀಲಿ ಹೊಚ್ಚ ಹೊಸದು.

ಇಕೆರ್ ಬಂದು ಅಂಗಿ ತೆಗೆದುಕೊಂಡ.
ಆ ನೀಲಿಯ ಮೇಲೆ ಹೆಬ್ಬೆರಳಿಟ್ಟು ಉಜ್ಜಿದ.
"ಒಗೆದರೆ ಹೋಗತ್ತಾ?"
ಹೋಗಲ್ಲ, ಎಂದೆ.
ಇನ್ನೇನಾದರೂ ಹೇಳುತ್ತಾನೆಂದು ಕತ್ತರಿ ಹಿಡಿದು ಕಾದೆ.
ಬೂಟಿಗೆ ಲೇಸು ಇದೆಯಾ ಎಂದು ಕೇಳಿದ.