ದುಡ್ಡು ಜಾಸ್ತಿ

ಮತೊಸಿನ್ಯೋಸ್ ಬಂದರಿನ ಮೀನುಲೆಕ್ಕದ ಕಚೇರಿಗೆ
ನಾನು ಸೇರಿದ ವರ್ಷವೇ ಬಣ್ಣದ ಪ್ರಿಂಟರೂ ಸೇರಿತು.
ನನಗಿಂತ ಮೊದಲು ಅದಕ್ಕೆ ಮೇಜು ಸಿಕ್ಕಿತು,
ಕಿಟಕಿ ಪಕ್ಕದ್ದು,
ದೆಯೊಲಿಂದಾ ಮೂವತ್ತೊಂದು ವರ್ಷ
ಮೊಣಕೈ ಊರಿ ಊರಿ ಗುಳಿ ಬೀಳಿಸಿದ್ದು.

ಬಿಟ್ಟುಹೋಗಿದ್ದಳು: ಮೂಲೆ ಮುಕ್ಕಾದ ತ್ರಿಕೋನಪಟ್ಟಿ,
ತಳದಲ್ಲಿ ಮಸಿ ಒಣಗಿ ಸಿಡಿದ ಕುಡಿಕೆ,
ರಟ್ಟಿನ ಪೆಟ್ಟಿಗೆ ತುಂಬ ಹಳೆಯ ನಕ್ಷೆ.
ಹುಡುಕಿದರೂ ಬಣ್ಣವಿಲ್ಲ. ಬರೀ ಗೀಟು.
ಬೂತಾಯಿಗೆ ನೆಟ್ಟಗೆ ನಿಂತ ಗೆರೆ, ಒತ್ತೊತ್ತಾಗಿ,
ಡಬ್ಬಿಯಲ್ಲಿ ಜೋಡಿಸಿಟ್ಟ ಹಾಗೆ.
ಬಂಗುಡೆಗೆ ಅದರದೇ ಬೆನ್ನಿನ ಅಲೆ.
ಅಷ್ಟಪದಿಗೆ ಚುಕ್ಕಿ. ಹಾವುಮೀನಿಗೆ ಓರೆ.
‘ಇತರೆ’ಗೆ ಬಲೆಯಂತೆ ಚೌಕುಳಿ.
ತಪ್ಪಿಸಿಕೊಂಡು ಲೆಕ್ಕಕ್ಕೇ ಬಾರದ್ದಕ್ಕೆ
ಖಾಲಿ ಕಾಗದ.

ನಕ್ಕೆ. ಆಗ ನನಗೆ ಇಪ್ಪತ್ತಮೂರು.
ಬೂತಾಯಿಗೆ ಕೆಂಪು ಕೊಟ್ಟೆ, ಬಂಗುಡೆಗೆ ಹಸಿರು,
ಪೇಟೆಯ ಮಿಠಾಯಿ ಅಂಗಡಿ ತೆರೆದ ಹಾಗಾಯಿತು ಪುಟ.
ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು.

ಕಾರ್ಖಾನೆ ಮಾಲೀಕರ ಸಭೆ.
ನಿರ್ದೇಶಕರು, ಸೆಕೇರಾ ಅವರು, ಹಾಳೆ ತಿರುಗಿಸಿದರು,
ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
“ಬೂತಾಯಿ ಯಾವುದಪ್ಪ?”
“ಕೆಂಪು.”
ಆಗಲಿ ಎಂಬಂತೆ ತಲೆಯಾಡಿಸಿ
ಹಸಿರಿನ ಮೇಲೆ ಬೆರಳಿಟ್ಟು ಹೇಳಿದರು:
ಈ ಸಲ ಬೂತಾಯಿ ಏರಿದೆ, ಮಹನೀಯರೇ,
ಒಳ್ಳೆಯ ವರ್ಷ.

ಬೂತಾಯಿ ಅರ್ಧಕ್ಕರ್ಧ ಬಿದ್ದಿತ್ತು.
ಆಗಲೇ ಮೂರು ಕಾರ್ಖಾನೆಯ ಬಾಗಿಲಿಗೆ ಬೀಗ.
ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು,
ಇನ್ನೊಬ್ಬರು ಕಾಫಿ ಬಟ್ಟಲಿನೊಳಗೆ
ಏನೋ ಬಿದ್ದಿದೆ ಎಂಬಂತೆ ಇಣುಕಿ ನೋಡಿದರು.

ಭಾನುವಾರ ಲೆಸಾಗೆ ಹೋದೆ, ನಾಲ್ಕನೇ ಮಹಡಿ,
ಲಿಫ್ಟು ಇಲ್ಲ. ದೆಯೊಲಿಂದಾ ಅವರೆಯಂಥ ಕಾಳು
ಬಿಡಿಸುತ್ತ ಕೂತಿದ್ದಳು. ಕೇಳಿಸಿಕೊಂಡಳು.
“ನಿನಗೆ ಯಾರೂ ಹೇಳಲಿಲ್ಲವಾ? ನನಗೂ ಹೇಳಿರಲಿಲ್ಲ.
ರಸ್ತೆ ದಾಟುವಾಗ ದೀಪ ನೋಡೋದಿಲ್ಲ ಆತ,
ಪಕ್ಕದವರ ಕಾಲು ನೋಡ್ತಾನೆ.
ಹಸಿ ಟೊಮೆಟೊ ಕಚ್ಚಿ, ಮುಖ ಸೊಟ್ಟ ಮಾಡಿ,
ಹಣ್ಣೇ ಅನ್ನೋ ಹಾಗೆ ತಿಂದು ಮುಗಿಸಿದ ಒಂದು ದಿನ.
ಆವತ್ತು ಸಂಜೆ ನಾನೇ ಹೋಗಿ ಹೇಳಿದೆ:
ಬಣ್ಣದ ಅಚ್ಚಿಗೆ ದುಡ್ಡು ಜಾಸ್ತಿ, ಗೀಟು ಹಾಕ್ತೀನಿ ಅಂತ.
ಒಂದು ಗಳಿಗೆ ಸುಮ್ಮನಿದ್ದ.
ಹೌದು, ದುಡ್ಡು ಜಾಸ್ತಿ, ಅಂದ.
ಮೂವತ್ತೊಂದು ವರ್ಷ ನಾವಿಬ್ಬರೂ
ದುಡ್ಡಿನ ಮಾತೇ ಆಡಿದೆವು.”

ಆಮೇಲೆ ಕಾಳು ಬದಿಗಿಟ್ಟು, ದಿನಸಿ ಚೀಟಿಯ ಹಿಂದೆ
ಪೆನ್ಸಿಲಿನಿಂದ ತೋರಿಸಿದಳು.
ಬಲಕ್ಕೆ ವಾಲಿದ್ದರ ಪಕ್ಕ ಬಲಕ್ಕೆ ವಾಲಿದ್ದು ಬೇಡ,
ಎರಡೂ ಒಂದರ ಮೈಮೇಲೊಂದು ಬೀಳುತ್ತವೆ, ಕುಡುಕರ ಹಾಗೆ.
ತೀರಾ ಒತ್ತಾದರೆ ಗೆರೆ ನಡುಗುತ್ತದೆ,
ನಡುಮಧ್ಯಾಹ್ನದ ಮರಳಂತೆ ಕಣ್ಣು ಕುಕ್ಕುತ್ತದೆ.
ಜೆರಾಕ್ಸಿನ ಜೆರಾಕ್ಸ್ ಮಾಡಿ ನೋಡು,
ಆಗಲೂ ಬಂಗುಡೆ ಬಂಗುಡೆಯಾಗೇ ಇದ್ದರೆ ಸರಿ.
ಕತ್ತಲಾಗಿತ್ತು. ಕಾಳು ನನಗೂ ಒಂದಿಷ್ಟು
ಕಾಗದದಲ್ಲಿ ಕಟ್ಟಿಕೊಟ್ಟಳು.

ಮುಂದಿನ ತಿಂಗಳ ಹಾಳೆ.
ಕಂಪ್ಯೂಟರಿಗೆ ಗೀಟು ಕಲಿಸುವುದಕ್ಕೇ ಎರಡು ರಾತ್ರಿ ಹಿಡಿಯಿತು.
ಸೆಕೇರಾ ಕನ್ನಡಕ ತೆಗೆಯಲಿಲ್ಲ.
“ಬೂತಾಯಿ ಬಿದ್ದಿದೆಯಲ್ಲ.”
“ಬಿದ್ದಿದೆ.”
“ಬಹಳ.”
“ಬಹಳ.”
ಕಿಟಕಿಯಾಚೆ ಒಂದು ದೋಣಿ ಹಿಂದುಹಿಂದಕ್ಕೆ ಸರಿದು
ಕಟ್ಟೆಗೆ ತಾಗಿ ನಿಂತಿತು.
“ನಿನ್ನ ಬಣ್ಣ ಏನಾಯಿತು?”

ಪ್ರಿಂಟರು ಅಲ್ಲೇ ಇತ್ತು, ಮೊಳ ದೂರದಲ್ಲಿ,
ನಾಲ್ಕೂ ಡಬ್ಬಿ ತುಂಬಿ, ಹಸಿರು ದೀಪ ಹೊತ್ತಿಸಿಕೊಂಡು.
ಹಸಿರು ನನಗೆ. ಅವರಿಗೆ ಏನೋ.

“ದುಡ್ಡು ಜಾಸ್ತಿ,” ಅಂದೆ.

ಪ್ರಿಂಟರನ್ನು ನೋಡಿದರು. ನನ್ನನ್ನು ನೋಡಿದರು.
“ಹೌದು,” ಅಂದರು, ಹಾಳೆಯ ಅಂಚು ಸರಿಮಾಡುತ್ತ,
“ದುಡ್ಡು ಜಾಸ್ತಿ.”